ನೆಟ್ಟಿಗೂ ಪಾಳಿ ಹಚ್ಚಿದವರು

ನಮ್ಮ ಮನೆಯ ನಡುಗೋಡೆಯ ಮೇಲೆ ನನಗಿರುವಷ್ಟು ಸಿಟ್ಟು ಯಾವ ಮನುಷ್ಯರ ಮೇಲೂ ಇಲ್ಲ ಎಂದು ಬರೆಯಲು ಕೂತೆ. ಅದು ಸುಳ್ಳು. ಒಬ್ಬಳ ಮೇಲೆ ಇದೆ. ಆಕೆ ಆ ಗೋಡೆಯ ಆಚೆ ಇರುತ್ತಾಳೆ. ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ. ಒಂದು ಕಾಲಕ್ಕೆ ಒಂದೇ ಒಲೆಯ ಮುಂದೆ ಕೂತು ಆಕೆ ರೊಟ್ಟಿ ಬಡಿದರೆ ನಾನು ಬೇಯಿಸುತ್ತಿದ್ದೆ. ಈಗ ಆಕೆಯ ಕುಕ್ಕರ್ ಸೀಟಿ ಹೊಡೆದರೂ ನನ್ನ ಮೈ ಉರಿಯುತ್ತದೆ.

ಬೈಲಹೊಂಗಲದ ಹಳೆಯ ಓಣಿಯಲ್ಲಿದೆ ನಮ್ಮ ಮನೆ. ಕಲ್ಲು ಮಣ್ಣಿನ ಗೋಡೆಗಳು ಎಷ್ಟು ದಪ್ಪ ಎಂದರೆ ಗೂಡಿನೊಳಗೆ ತುಂಬಿದ ಕೊಡ ಇಟ್ಟರೂ ಹೊರಗೆ ಚಾಚುವುದಿಲ್ಲ. ಕಟ್ಟಿದ ಹಿರಿಯರು ಬಿಸಿಲು ಒಳಗೆ ಬರಬಾರದೆಂದು ಹಾಗೆ ಕಟ್ಟಿದರು. ಬಿಸಿಲು ಬರಲಿಲ್ಲ, ಸರಿ. ಮೊಬೈಲಿನ ಸಿಗ್ನಲ್ಲೂ ಬರಲಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದರೆ ಫೋನು ಬರೀ ಗಡಿಯಾರ. ಅದಕ್ಕೇ ನಮ್ಮ ಮಾವನವರು ಬದುಕಿದ್ದಾಗ ಪಡಸಾಲೆಗೆ ನೆಟ್ಟಿನ ಪೆಟ್ಟಿಗೆ ಹಾಕಿಸಿದ್ದರು. ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಪಡಸಾಲೆಯಲ್ಲಿ ಕೂತ ಗಂಡಸರಿಗೆ ನಾವು ಹೆಂಗಸರು ಆ ಕಿಂಡಿಯಿಂದ ಚಹಾ ಕೊಡುತ್ತಿದ್ದೆವು. ಚಹಾ ಆಚೆ ಹೋಗುತ್ತಿತ್ತು, ನೆಟ್ಟು ಈಚೆ ಬರುತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಕೂತರೆ ವಿಡಿಯೋ ಕಾಲಿನ ಚಿತ್ರ ಕನ್ನಡಿಯಂತೆ ಸ್ವಚ್ಛ.

ನನಗೆ ಆ ಚಿತ್ರ ಬೇಕಾಗಿದ್ದದ್ದು ನನ್ನ ಅವ್ವನಿಗಾಗಿ.

ನನ್ನ ತವರು ರಾಮದುರ್ಗ. ಮನೆ ತುಂಬ ಮಗ್ಗ. ಮೊದಲು ಕೈಮಗ್ಗ, ಆಮೇಲೆ ಕರೆಂಟಿನ ಮಗ್ಗ. ಅವುಗಳ ಮಗ್ಗುಲಿಗೆ ಕೂತು ನೂಲಿನ ಕಂಡಿಕೆ ಸುತ್ತುತ್ತ ಸುತ್ತುತ್ತ ಅವ್ವನ ಕಿವಿ ಹೋದವು. ಆ ಮನೆಯಲ್ಲಿ ಯಾರು ಎಷ್ಟು ಕೂಗಿದರೂ ಮಗ್ಗದ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಹಾಗಾಗಿ ನಾವು ತುಟಿಯಲ್ಲೇ ಮಾತಾಡಿಕೊಂಡು ಬೆಳೆದೆವು. ದನಿ ತೆಗೆಯದೆ ತುಟಿ ಆಡಿಸುವುದು, ಎದುರಿನವರು ಅದನ್ನು ನೋಡಿ ತಿಳಿಯುವುದು. ಮಗ್ಗದ ಮನೆಯ ಹೆಂಗಸರು ಉಪ್ಪು ಕೇಳುವುದರಿಂದ ಹಿಡಿದು ಗಂಡನನ್ನು ಬೈಯುವ ತನಕ ಎಲ್ಲವನ್ನೂ ಹಾಗೇ ಮುಗಿಸುತ್ತಾರೆ. ಕಿವಿ ಪೂರ್ತಿ ಹೋದಾಗಲೂ ಅವ್ವನಿಗೆ ಅಂಥ ನಷ್ಟ ಅನ್ನಿಸಲಿಲ್ಲ. ನನ್ನ ತುಟಿ ಕಂಡರೆ ಸಾಕು, ಆಕೆಗೆ ಎಲ್ಲ ಕೇಳಿಸುತ್ತಿತ್ತು.

ಆದರೆ ಕಣ್ಣೂ ಹೋಗತೊಡಗಿದವು. ಪೊರೆಯಲ್ಲ. ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದದ್ದು ಎಷ್ಟು ದಿನ ಉಳಿಯುತ್ತದೆ ಎಂದು ಹೇಳಲಾಗದು ಎಂದರು ಡಾಕ್ಟರು. ಬಲ್ಬಿನ ಬೆಳಕಿನಲ್ಲಿ ಆಕೆಗೆ ಆಗಲೇ ತುಟಿ ಕಾಣುತ್ತಿರಲಿಲ್ಲ. ಹಗಲಿನ ಬೆಳಕು ಬೇಕು, ನನ್ನ ಮುಖ ಬೆಳಕಿಗೆ ಎದುರಾಗಿರಬೇಕು, ಚಿತ್ರ ನಿಲ್ಲಬಾರದು. ಚಿತ್ರ ನಿಂತರೆ ನನ್ನ ಬಾಯಿ ಅರ್ಧ ತೆರೆದು ನಿಲ್ಲುತ್ತದೆ, ಅವ್ವ ಆ ಅರ್ಧ ಬಾಯಿಯನ್ನು ಓದಲು ಒದ್ದಾಡುತ್ತಾಳೆ. ನಾನು ನೇಸರಗಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬೇಕೆಂದಾಗ ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗಕ್ಕೆ ಓಡಲು ಆಗುವುದಿಲ್ಲ. ಶಾಲೆಯಿಂದ ಬಂದ ಮೇಲೆ ಹೊತ್ತು ಮುಳುಗುವ ಮೊದಲಿನ ಸ್ವಲ್ಪ ಹೊತ್ತು, ಮತ್ತು ಭಾನುವಾರ. ಅಷ್ಟೇ ನಮ್ಮಿಬ್ಬರ ಪಾಲಿಗೆ ಇದ್ದದ್ದು.

ಆಗಲೇ ಮನೆ ಪಾಲಾಯಿತು.

ಮಾವನವರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರಿಗೆ ಕೂಡಿ ಇರಲಾಗಲಿಲ್ಲ. ಯಾಕೆ ಎಂದು ಬರೆಯುವುದಿಲ್ಲ, ಎಲ್ಲರ ಮನೆಯಲ್ಲೂ ಆಗುವುದೇ. ಪಾಲು ಮಾಡಲು ಸಂಪಗಾಂವದಿಂದ ಅವರ ಸೋದರಮಾವ ಬಂದರು. ತಲೆಗೆ ಪಟಕಾ, ಬಾಯಲ್ಲಿ ಎಲೆಅಡಿಕೆ, ಮಾತಿಗೆ ಎದುರಿಲ್ಲ. ಪಡಸಾಲೆ ದೊಡ್ಡವನಿಗೆ. ಅಲ್ಲಿ ಭಾವನವರ ಹತ್ತಿಯ ದಲಾಲಿ ಆಫೀಸು ನಡೆಯುತ್ತಿತ್ತು. ಅಡುಗೆಮನೆ ಮತ್ತು ಹಿಂದಿನ ಭಾಗ ನಮಗೆ. ಹೊಲದ ಬಾವಿಯ ನೀರು ಇಬ್ಬರಿಗೂ ಪಾಳಿಯ ಮೇಲೆ. ಎಲ್ಲ ಮುಗಿದು ಏಳುವಾಗ ಅವರ ಕಣ್ಣು ಗೋಡೆಯ ಮೇಲಿನ ಪೆಟ್ಟಿಗೆಗೆ ಬಿತ್ತು.

"ಇದೇನಪಾ, ದೀಪ ಮಿಣಕ್ ಮಿಣಕ್ ಅನ್ನಾಕ ಹತ್ಯಾವು?"

"ನೆಟ್ ರೀ ಮಾವಾ. ಅಪ್ಪ ಹಾಕಿಸಿದ್ದು" ಎಂದ ನನ್ನ ಗಂಡ.

"ಎಲ್ಲಿಂದ ಬರತೈತಿ?"

"ಕಂಬದಿಂದ ವಾಯರ್ ಬಂದೈತ್ರಿ. ಇದರಾಗಿಂದ ಮನಿ ತುಂಬ ಹರಡತೈತಿ."

"ಅಂದ್ರ ಬಾಂವಿ ಇದ್ದಂಗ" ಎಂದರು ಮಾವ, ಮತ್ತೆ ಕೆಳಗೆ ಕೂತರು. "ಹಂಗಾರ ಇದಕ್ಕೂ ಪಾಳಿ. ಹಗಲು ದೊಡ್ಡಾಂವಗ, ದೀಪ ಹಚ್ಚಿದ ಮ್ಯಾಲೆ ಸಣ್ಣಾಂವಗ. ಮುಗೀತ."

ನಾನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. "ಮಾವಾರ, ಇದನ್ನ ಎಲ್ಲಾರೂ ಕೂಡೇ ಬಳಸಬಹುದ್ರಿ. ಪಾಳಿ ಬೇಕಾಗೂದಿಲ್ಲ."

"ಒಂದ ಬಾಂವ್ಯಾಗ ಎರಡ ಪಂಪ್ ಕುಂದರಿಸಿದ್ರ ಯಾರ ಹೊಲಕ್ಕೂ ನೀರ ಏರೂದಿಲ್ಲವಾ. ನೀ ಒಳಗ ಚಾ ನೋಡ."

ನಾನು ವಿಜ್ಞಾನ ಕಲಿಸುವವಳು. ತರಂಗ ಅಂದರೆ ನೀರಲ್ಲ ಎಂದು ಮಕ್ಕಳಿಗೆ ಹೇಳಿ ಸಂಬಳ ತೆಗೆದುಕೊಳ್ಳುವವಳು. ಆ ಪಟಕಾದ ಮುಂದೆ ನನ್ನ ವಿಜ್ಞಾನ ಚಹಾ ಸೋಸುವ ಅರಿವೆಯಷ್ಟೂ ಉಪಯೋಗಕ್ಕೆ ಬರಲಿಲ್ಲ. ಭಾವನವರು ತಲೆ ಆಡಿಸಿದರು. ನನ್ನ ಗಂಡನೂ ಆಡಿಸಿದ. ಅವನು ಕಿತ್ತೂರಿನಲ್ಲಿ ಆಫೀಸಿನ ಕೆಲಸ ಮಾಡುವವನು, ದಿನವೂ ಕಂಪ್ಯೂಟರಿನ ಮುಂದೆ ಕೂರುವವನು. ಆದರೆ ಹೊಲ ಇದ್ದವರ ಮನೆಯಲ್ಲಿ ಹುಟ್ಟಿದವನಿಗೆ ಹಂಚುವುದು ಅಂದರೆ ಪಾಳಿ, ಬೇರೆ ದಾರಿ ಕಾಣುವುದಿಲ್ಲ.

ಇನ್ನು ಪೆಟ್ಟಿಗೆ ಎಲ್ಲಿಡುವುದು? ಪಡಸಾಲೆಯಲ್ಲಿದ್ದರೆ ಅಣ್ಣನ ಹಿಡಿತದಲ್ಲಿರುತ್ತದೆ ಎಂದು ನನ್ನ ಗಂಡ ತಕರಾರು ತೆಗೆದ. ಮನೆಯಲ್ಲಿ ಪಾಲಾಗದೆ ಉಳಿದದ್ದು ದೇವರ ಮನೆ ಒಂದೇ. ಎರಡೂ ಕಡೆಯಿಂದ ಅದಕ್ಕೆ ಬಾಗಿಲು. "ಅಲ್ಲೇ ಇಡ್ರಿ, ದೇವರ ಮುಂದ ಯಾರೂ ಮೋಸ ಮಾಡೂದಿಲ್ಲ" ಎಂದರು ಮಾವ. ಹೀಗೆ ಮನೆಯ ಅತ್ಯಂತ ದಪ್ಪ ಗೋಡೆಗಳ ನಡುವೆ, ತಾಮ್ರದ ಕೊಡ, ಹಿತ್ತಾಳೆಯ ಹಂಡೆ, ಬೆಳ್ಳಿಯ ತಗಡು ಹೊಡೆದ ದೇವರ ಜಗಲಿ, ಇಷ್ಟರ ಮಧ್ಯೆ ನೆಟ್ಟಿನ ಪೆಟ್ಟಿಗೆಯನ್ನು ಕೂರಿಸಿ, ವಿಭೂತಿ ಹಚ್ಚಿ, ಎಲ್ಲರೂ ಊಟಕ್ಕೆ ಎದ್ದರು. ನ್ಯಾಯ ಸರಿಯಾಗಿಯೇ ಆಯಿತು. ಇಬ್ಬರಿಗೂ ಬರಲಿಲ್ಲ.

ಬಾವಿಗೆ ಪಾಳಿ ಇದ್ದವರ ಕೈಯಲ್ಲಿ ಪಂಪಿನ ಕೀಲಿ ಇರುತ್ತದೆ. ಇಲ್ಲಿ ಪಾಸ್‌ವರ್ಡ್. ಬೆಳಿಗ್ಗೆ ಭಾವನವರು ದೇವರ ಮನೆಗೆ ಬಂದು ಪಾಸ್‌ವರ್ಡ್ ಬದಲಿಸುವರು, ಸಂಜೆ ನನ್ನ ಗಂಡ ಹೋಗಿ ಬದಲಿಸುವನು. ತಲೆ ಬೆಳ್ಳಗಾದ ಇಬ್ಬರು ಗಂಡಸರು ಒಬ್ಬರಿಗೊಬ್ಬರು ಕಾಣಬಾರದೆಂದು ಫೋನನ್ನು ಎದೆಗೆ ಅವುಚಿಕೊಂಡು ದೇವರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ನೋಡಿದರೆ ನಗು ಬರಬೇಕು. ನನಗೆ ಬರಲಿಲ್ಲ. ದೇವರ ಮನೆಯ ಬಾಗಿಲಲ್ಲಿ ಕೂತರೆ ನೆಟ್ಟು ಅಷ್ಟಿಷ್ಟು ಸಿಗುತ್ತಿತ್ತು, ಆದರೆ ಹಗಲು ಅವರದಾಗಿತ್ತು, ಅವ್ವನಿಗೆ ಕಾಣುತ್ತಿದ್ದದ್ದು ಹಗಲಲ್ಲಿ ಮಾತ್ರ.

ನಮಗೆ ಬೇರೆ ಕನೆಕ್ಷನ್ ತೆಗೆದುಕೊಳ್ಳೋಣ ಎಂದೆ ಗಂಡನಿಗೆ. ಅವನು ಹೊಲ ಮಾರು ಎಂದವರನ್ನು ನೋಡಿದಂತೆ ನನ್ನನ್ನು ನೋಡಿದ. "ಇನ್ನೊಂದ ತಗೊಂಡ್ವಿ ಅಂದ್ರ ಅಪ್ಪಂದು ನಾವ ಬಿಟ್ಟಂಗ. ನಾಳೆ ಬಾಂವೀನೂ ಬಿಡ್ರಿ ಅಂತಾರ." ಬಿಟ್ಟುಕೊಡುವ ಮನಸ್ಸು ನನಗೂ ಇರಲಿಲ್ಲ. ನಮ್ಮ ಪಾಲಿನದು ನಮಗೆ ಬರಬೇಕು, ಇವತ್ತಿಗೂ ಹಾಗೇ ಅನ್ನುತ್ತೇನೆ.

ಮೊದಲು ನೆಟ್ಟಗೆ ಕೇಳಿ ನೋಡಿದೆ. ನೆಗೆಣ್ಣಿ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದಳು.

"ಅಕ್ಕಾರ, ಹೊತ್ತ ಮುಳಗೂ ಮುಂದ ಒಂದ ಸ್ವಲ್ಪ ನಮ್ಮ ಕಡೆ ಬಿಡ್ರಿ. ನಮ್ಮ ಅವ್ವನ ಕಣ್ಣಿಂದು ನಿಮಗೂ ಗೊತ್ತೈತಿ."

ಆಕೆ ತಲೆ ಎತ್ತಲಿಲ್ಲ. "ಅಡಿಗಿಮನಿ ತಗೊಳ್ಳುವಾಗ ನನ್ನ ಕೇಳಿದ್ದೇನ್ರಿ, ಬಾಯಾರ?"

ಶಾಲೆಯ ಮಕ್ಕಳು ನನ್ನನ್ನು ಬಾಯಾರ ಅನ್ನುತ್ತಾರೆ. ಆಕೆ ಅಂದದ್ದು ಕುಟುಕಲು.

"ಅದನ್ನ ನಾ ತಗೊಂಡಿಲ್ಲ, ಹಿರ್ಯಾರು ಕೊಟ್ಟಾರ."

"ಪಾಳೀನೂ ಹಿರ್ಯಾರ ಕೊಟ್ಟಾರ. ಪಾಳಿ ಅಂದ್ರ ಪಾಳಿ. ಇವರ ಹತ್ತಿ ರೇಟ್ ಬರೂದು ಹಗಲನ್ಯಾಗ. ನೀ ನಡಕ ಬಾಯಿ ಹಾಕಿದ್ರ ಅವರ ಆಫೀಸ್ ಹೆಂಗ ನಡೀತೈತಿ?"

ಅಡುಗೆಮನೆ ಕೈಬಿಟ್ಟು ಹೋದದ್ದು ಆಕೆಯ ಹೊಟ್ಟೆಯಲ್ಲಿ ಕೂತಿತ್ತು. ಆ ಮನೆಗೆ ಮೊದಲು ಸೊಸೆಯಾಗಿ ಬಂದವಳು ಆಕೆ, ಆ ಒಲೆ ಹೂಡಿದವಳೂ ಆಕೆಯೇ. ಈಗ ದನದ ಕೊಟ್ಟಿಗೆಯನ್ನು ಸುಣ್ಣ ಬಳಿದು ಅಡುಗೆಗೆ ಮಾಡಿಕೊಂಡಿದ್ದಳು. ಅದು ನನಗೆ ತಿಳಿಯದ ಮಾತಲ್ಲ. ಆದರೆ ಅದರ ಸೇಡನ್ನು ಕಿವಿಯಿಲ್ಲದ ಮುದುಕಿಯ ಮೇಲೆ ತೀರಿಸಿಕೊಳ್ಳುವವಳನ್ನು ಏನೆಂದು ಕರೆಯಬೇಕು? ನಾನು ಮನಸ್ಸಿನಲ್ಲೇ ಕರೆದೆ, ಇಲ್ಲಿ ಬರೆಯುವಂಥದ್ದಲ್ಲ. ಆಕೆ ಅಷ್ಟಕ್ಕೇ ಬಿಡಲಿಲ್ಲ. ಆ ವಾರವೇ ಕಿಂಡಿಗೆ ಕಲ್ಲು ಮಣ್ಣು ತುಂಬಿಸಿ, ಗಿಲಾವು ಮಾಡಿಸಿ, ತನ್ನ ಕಬ್ಬಿಣದ ತಿಜೋರಿಯನ್ನು ಅದಕ್ಕೆ ಒತ್ತಿ ನಿಲ್ಲಿಸಿದಳು.

ನಾನು ಮಾಳಿಗೆ ಹತ್ತಿದೆ. ಅಲ್ಲಿ ಮೊಬೈಲಿನ ಸಿಗ್ನಲ್ ಒಂದಿಷ್ಟು ಸಿಗುತ್ತಿತ್ತು. ಬಿಸಿಲು ಎದುರಿಗೆ ಬಿದ್ದರೆ ನನಗೆ ಕಣ್ಣು ಬಿಡಲಾಗದು, ಬೆನ್ನಿಗೆ ಬಿದ್ದರೆ ಅವ್ವನಿಗೆ ನನ್ನ ಮುಖ ಕರಿ ಹಂಚು. ಮಾತು ಅರ್ಧಕ್ಕೆ ಬಂದಾಗ ಚಿತ್ರ ನಿಲ್ಲುವುದು. ಅವ್ವ ಆ ಕಡೆಯಿಂದ ಇಡೀ ಓಣಿಗೆ ಕೇಳುವಂತೆ, "ಬಾಯಿ ಯಾಕ ಬಿಗದಿಯವಾ? ನನ್ನ ಮ್ಯಾಲ ಸಿಟ್ಟೈತೇನ?" ಎನ್ನುವಳು. ತನ್ನ ದನಿ ಎಷ್ಟು ದೊಡ್ಡದೆಂದು ಆಕೆಗೆ ಗೊತ್ತಿಲ್ಲ. ಸಿಟ್ಟಿಲ್ಲವೆಂದು ನಾನು ತುಟಿ ಆಡಿಸುವ ಹೊತ್ತಿಗೆ ಫೋನು ಕಟ್ಟಾಗಿರುತ್ತಿತ್ತು. ಇತ್ತ ನೆಗೆಣ್ಣಿ ಓಣಿಯ ಹೆಂಗಸರಿಗೆ, "ಮಾಳಿಗಿ ಮ್ಯಾಲ ನಿಂತು ನಮ್ಮ ಕಡೆ ಮಾರಿ ಮಾಡಿ ಬಾಯಾಗ ಏನೋ ಅನ್ನಾಕ ಹತ್ತಿರತಾಳ, ದನೀನ ಇರೂದಿಲ್ಲ" ಎಂದು ಹೇಳಿಕೊಂಡು ತಿರುಗಿದಳು. ಮಾಟದ ಮಾತೂ ಬಂತು. ಮಾಟ ಬರುವಂತಿದ್ದರೆ ಮೊದಲು ಆ ತಿಜೋರಿಯನ್ನು ಕರಗಿಸುತ್ತಿದ್ದೆ.

ಅಷ್ಟರಲ್ಲಿ ಅವ್ವ ತಟ್ಟೆಯಲ್ಲಿ ಪಲ್ಯವನ್ನು ಕೈಯಾಡಿಸಿ ಹುಡುಕತೊಡಗಿದಳೆಂದು ತವರಿನಲ್ಲಿರುವ ನನ್ನ ಅಣ್ಣನ ಹೆಂಡತಿ, ವೈನಿ, ತಿಳಿಸಿದಳು. ರಜೆಯಲ್ಲಿ ಹೋದಾಗ ನೋಡಿದೆ. ನಾನು ಬಾಗಿಲಲ್ಲಿ ಕೂತು ಬೆಳಕಿಗೆ ಮುಖ ಕೊಟ್ಟರೆ ಓದುತ್ತಿದ್ದಳು, ಒಂದು ಹೆಜ್ಜೆ ಹಿಂದೆ ಸರಿದರೆ ಇಲ್ಲ. ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿ, "ಇಷ್ಟ ಹತ್ರ ಇದ್ರ ಕಾಣತಿ. ಫೋನಿನ್ಯಾಗ ನೆಟ್ ಒಂದ ಚಲೋ ಇದ್ರ ಅದರಾಗೂ ಕಾಣತಿ" ಎಂದಳು. ಆಕೆಗೆ ಎಲ್ಲದಕ್ಕೂ ನೆಟ್ಟೇ ಕಾರಣ. ಪಾಳಿಯ ವಿಷಯವನ್ನು ನಾನೇ ಹೇಳಿದ್ದೆ. ನೆಗೆಣ್ಣಿಯನ್ನು ಬೈದು ಬೈದು ಹೇಳಿದ್ದೆ. ಬಸ್ಸಿನಲ್ಲಿ ತಿರುಗಿ ಬರುವಾಗ, ಸವದತ್ತಿಯ ಸ್ಟ್ಯಾಂಡಿನಲ್ಲಿ ನಿಂತು, ಇನ್ನು ತಡೆಯುವುದಿಲ್ಲ ಎಂದು ನಿಶ್ಚಯ ಮಾಡಿದೆ.

ಭಾನುವಾರ ಹೊತ್ತೇರಿದ ಮೇಲೆ, ಎಲ್ಲರೂ ಮನೆಯಲ್ಲಿರುವಾಗಲೇ, ಸೀರೆ ಎತ್ತಿ ಸಿಕ್ಕಿಸಿ ಹಾರೆ ಹಿಡಿದು ನಮ್ಮ ಕಡೆಯಿಂದ ಕಿಂಡಿ ಒಡೆದೆ. ಗಂಡ, "ಹುಚ್ಚ ಹಿಡದೈತಿ ನಿನಗ" ಎಂದು ಹೊರಗೆ ಹೋದ. ಗಿಲಾವು ಉದುರಿತು, ಮಣ್ಣು ಉದುರಿತು, ಕಲ್ಲು ಬಂತು. ಕೊನೆಗೆ ಹಾರೆಯ ಮೊನೆ ಠಣ್ ಎಂದು ತಿಜೋರಿಯ ಬೆನ್ನಿಗೆ ಬಡಿಯಿತು.

ಆಚೆಯಿಂದ ನೆಗೆಣ್ಣಿಯ ದನಿ. "ಯಾರದು, ನನ್ನ ತಿಜೋರಿ ಒಡ್ಯಾಕ ಹತ್ತಿದವರು?"

"ತಿಜೋರಿ ಬ್ಯಾಡ ನನಗ. ಸರಸ್ರಿ ಅದನ್ನ."

"ಸರಸೂದಿಲ್ಲ. ಗ್ವಾಡಿ ಒಡದವರ ಕೈ ಮುರೀಲಿ."

"ಮುರದ್ರ ಮುರೀಲಿ. ಒಂದ ಕೈ ಉಳದ್ರೂ ಒಡೀತೇನಿ."

ಭಾವನವರು ಆಫೀಸಿನ ಗದ್ದಿಗೆಯಿಂದ ಎದ್ದು ಬಂದರು. ಅವರೊಡನೆ ನಾನು ಎದುರಿಗೆ ನಿಂತು ಮಾತಾಡುವ ಪದ್ಧತಿ ಇಲ್ಲ. ತಿಜೋರಿಯ ಬೆನ್ನಿಗೇ ಹೇಳಿದೆ. "ಭಾವಾರ, ದೇವರ ಮನ್ಯಾಗ ತಾಮ್ರ ಹಿತ್ತಾಳಿ ನಡಕ ಇಟ್ರ ಅದು ನಿಮಗೂ ಬರೂದಿಲ್ಲ, ನಮಗೂ ಬರೂದಿಲ್ಲ. ರೇಟ್ ನೋಡಾಕ ನೀವ ಬೀದಿಗೆ ಹೋಗಿ ನಿಲ್ಲೂದ ನಾ ನೋಡೇನಿ. ಪೆಟಗಿ ಈ ಕಿಂಡ್ಯಾಗ ಇಡ್ರಿ. ಎರಡೂ ಕಡೆ ಸರಿಯಾಗಿ ಬರತೈತಿ."

ಗಿರಾಕಿಗಳ ಎದುರು ಫೋನು ಮೇಲೆತ್ತಿ ಅಂಗಳದಲ್ಲಿ ಸುತ್ತು ಹಾಕಿದ ಅವಮಾನ ಅವರಿಗೂ ಇತ್ತು. ಸಂಪಗಾಂವಕ್ಕೆ ಫೋನು ಹಚ್ಚಿದರು. ಮಾವ ಎಲ್ಲ ಕೇಳಿ, "ಬಾಂವಿ ಸರಿಸಿದ್ರ ಸರಸ್ರಿ, ಪಾಳಿ ಮಾತ್ರ ಇದ್ದದ್ದ" ಎಂದರು. ತಿಜೋರಿ ಕಿರುಗುಟ್ಟುತ್ತ ಸರಿಯಿತು. ಕಿಂಡಿಯಲ್ಲಿ ಮೊದಲು ಕಂಡದ್ದು ನೆಗೆಣ್ಣಿಯ ಮುಖ. ನನ್ನ ತಲೆಯ ಮೇಲೆಲ್ಲ ಮಣ್ಣು.

ಗೋಡೆ ದಪ್ಪವಾದದ್ದಕ್ಕೆ ಒಂದೇ ಒಂದು ಉಪಕಾರವಾಯಿತು. ಪೆಟ್ಟಿಗೆ ಅದರ ನಡುವೆ ಆರಾಮವಾಗಿ ಕೂತಿತು, ಯಾರ ಕಡೆಗೂ ಚಾಚದೆ. ನಮ್ಮ ಹಿಂದಿನ ಕೋಣೆಯಲ್ಲೂ ಬಂತು, ಅವರ ಕಟ್ಟೆಯ ಮೇಲೂ ಬಂತು. ಆದರೆ ಪಾಳಿ ಹಾಗೇ ನಡೆಯಿತು. ನನ್ನ ಕಣ್ಣೆದುರಿಗೆ, ಕೈಗೆಟುಕುವ ಕಿಂಡಿಯಲ್ಲಿ, ಹಗಲೆಲ್ಲ ಹಸಿರು ದೀಪ ಮಿಣುಕುತ್ತಿತ್ತು, ನನ್ನ ಫೋನು ಒಳಗೆ ಬಿಡುತ್ತಿರಲಿಲ್ಲ. ಅದಕ್ಕಿಂತ ಮುಚ್ಚಿದ ಗೋಡೆಯೇ ಎಷ್ಟೋ ವಾಸಿ. ಹಿಂಗಾರಿ ಜೋಳ ತೆನೆಗೆ ಬಂತು, ಕೊಯ್ಲಾಯಿತು, ರಾಶಿಯೂ ಆಯಿತು. ನಾನು ಮಾಳಿಗೆ ಹತ್ತುವುದು ತಪ್ಪಲಿಲ್ಲ.

ಪಾಳಿ ಕೊನೆಗೆ ಮುರಿದದ್ದು ಯಾರ ದೊಡ್ಡತನದಿಂದಲೂ ಅಲ್ಲ. ಭಾವನವರು ಹತ್ತಿಯ ಕೆಲಸಕ್ಕೆ ಹುಬ್ಬಳ್ಳಿಗೆ ಹೋದರು. ಬೆಳಿಗ್ಗೆ ಪಾಸ್‌ವರ್ಡ್ ಬದಲಿಸುವವರು ಇಲ್ಲ. ನೆಗೆಣ್ಣಿಗೆ ಬದಲಿಸಲು ಬರುವುದಿಲ್ಲ. ಹಿಂದಿನ ಸಂಜೆ ನನ್ನ ಗಂಡ ಹಾಕಿದ್ದು ಹಾಗೇ ಉಳಿಯಿತು. ಆಫೀಸಿನ ಗುಮಾಸ್ತ ಕಿಂಡಿಗೆ ಬಂದು ಪಾಸ್‌ವರ್ಡ್ ಕೇಳಿದ. ಗಂಡ ಕೊಟ್ಟ. ಆವತ್ತು ಅವರ ರೇಟೂ ಬಂತು, ನಮ್ಮ ಮನೆಯಲ್ಲಿ ನೆಟ್ಟೂ ಇತ್ತು. ಒಂದೇ ಬಾವಿಗೆ ಎರಡು ಪಂಪು ಕೂತಿದ್ದವು, ಎರಡೂ ಕಡೆ ನೀರು ಏರಿತ್ತು. ಭಾವನವರು ತಿರುಗಿ ಬಂದ ಮೇಲೆ ಯಾರೂ ಆ ಮಾತೇ ಎತ್ತಲಿಲ್ಲ. ಬದಲಿಸುವುದನ್ನು ಇಬ್ಬರೂ ಸುಮ್ಮನೆ ಬಿಟ್ಟರು. ನಾನು ಅಷ್ಟು ದಿನ ಕೂಗಿ ಹೇಳಿದ್ದು ಸರಿ ಎಂದು ಒಬ್ಬರೂ ಹೇಳಲಿಲ್ಲ.

ಪರೀಕ್ಷೆಯ ಪೇಪರು ನೋಡುವ ಕೆಲಸ ಇದ್ದುದರಿಂದ ಕೂಡಲೇ ಫೋನು ಹಚ್ಚಲಾಗಲಿಲ್ಲ. ಭಾನುವಾರ ಬಂತು. ತಲೆ ಬಾಚಿಕೊಂಡೆ, ಕುಂಕುಮ ಹಚ್ಚಿಕೊಂಡೆ, ಹಿತ್ತಲ ಬಾಗಿಲು ತೆರೆದಿಟ್ಟೆ. ಮುಂಜಾನೆಯ ಬೆಳಕು ನೆಟ್ಟಗೆ ಮುಖದ ಮೇಲೆ ಬೀಳುವಂತೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತೆ. ವೈನಿ ಫೋನು ತೆಗೆದು ಅವ್ವನ ಮುಂದೆ ನಿಲ್ಲಿಸಿದಳು.

ಚಿತ್ರ ಎಂಥ ಸ್ವಚ್ಛ ಬಂತೆಂದರೆ ಅವ್ವನ ಸೆರಗಿಗೆ ಹತ್ತಿದ ನೂಲಿನ ಎಳೆಯೂ ಕಂಡಿತು. ಹಿಂದೆ ಮಗ್ಗದ ಲಾಳಿ ಓಡುವುದು ಕಂಡಿತು. ಒಮ್ಮೆಯೂ ನಿಲ್ಲಲಿಲ್ಲ. ನಾನು ತುಟಿ ಆಡಿಸಿದೆ. "ಅವ್ವಾ, ಚಾ ಕುಡದಿ?"

ಅವ್ವ ನನ್ನ ಪಕ್ಕಕ್ಕೆ ಎಲ್ಲೋ ನೋಡುತ್ತಿದ್ದಳು. ಫೋನನ್ನು ಮುಖದ ಹತ್ತಿರ ತಂದಳು, ದೂರ ಹಿಡಿದಳು, ಸೆರಗಿನಿಂದ ಒರೆಸಿದಳು.

"ಎಲ್ಲಿದ್ದೀಯವಾ? ಕಾಣವಲ್ಲಿ. ನೆಟ್ ಹೋಗೈತೇನ? ಎಲ್ಲಾ ಮಬ್ಬ ಮಬ್ಬ ಆಗೈತಿ."

ಮತ್ತೆ ತುಟಿ ಆಡಿಸಿದೆ, ನಿಧಾನವಾಗಿ, ದೊಡ್ಡದಾಗಿ. ಚಿಕ್ಕವಳಿದ್ದಾಗ ಆಕೆ ನನಗೆ ಕಲಿಸಿದ ಹಾಗೆ. ವೈನಿ ಆಕೆಯ ಹಿಂದೆ ನಿಂತಿದ್ದಳು. ನನ್ನನ್ನು ನೋಡಿ ತಲೆ ಅಡ್ಡ ಆಡಿಸಿ, ಮುಖ ತಿರುಗಿಸಿದಳು.

"ಆಕಿನ ಬಂದ್ ಮಾಡಿರಬೇಕ, ಆ ನಿನ್ನ ನೆಗೆಣ್ಣಿ" ಎಂದಳು ಅವ್ವ. "ಪಾಳಿ ಆಕೀದ ಇರಬೇಕ. ಎಂಥ ಹೆಣಮಗಳವಾ ಅದು. ನಾ ಏನ ಮಾಡೇನಿ ಆಕಿಗೆ?"

ಆ ದನಿ ಕಿಂಡಿಯಿಂದ ಪಡಸಾಲೆಗೆ ಹೋಯಿತು. ಆಚೆ ಕಸ ಗುಡಿಸುವ ಸದ್ದು ನಿಂತಿತು. ಪೆಟ್ಟಿಗೆಯ ಪಕ್ಕದಲ್ಲಿ ನೆಗೆಣ್ಣಿಯ ಮುಖ ಕಂಡಿತು. ನನ್ನ ಕೈಯಲ್ಲಿದ್ದ ಫೋನನ್ನು ನೋಡಿದಳು, ಅದರಲ್ಲಿ ಏನನ್ನೋ ಹುಡುಕುತ್ತಿದ್ದ ಅವ್ವನನ್ನು ನೋಡಿದಳು. ಪೆಟ್ಟಿಗೆಯ ದೀಪಗಳೆಲ್ಲ ಹಸಿರಾಗಿದ್ದವು.

"ನಾ ಮುಟ್ಟಿಲ್ಲ" ಎಂದಳು. "ದೇವರಾಣಿ, ನಾ ಏನೂ ಮುಟ್ಟಿಲ್ಲ ತಂಗಿ."

ಪಾಲಾದ ಮೇಲೆ ಆಕೆ ನನ್ನನ್ನು ತಂಗಿ ಎಂದದ್ದು ಅದೇ ಮೊದಲು. ಅದು ನನಗೆ ಬೇಕಿರಲಿಲ್ಲ. ಆಕೆ ಮೊದಲಿನ ಹಾಗೇ ಕೆಟ್ಟವಳಾಗಿ ಇರಬೇಕಿತ್ತು. ವಾಯರು ಕಿತ್ತಿರಬೇಕಿತ್ತು, ತಿಜೋರಿ ಅಡ್ಡ ಇಟ್ಟಿರಬೇಕಿತ್ತು, ಆಗ ನಾನು ಹಾರೆ ತಂದು ಮತ್ತೆ ಒಡೆಯುತ್ತಿದ್ದೆ.

"ಮುಟ್ಟೇನಿ ಅನ್ರಿ, ಅಕ್ಕಾರ" ಎಂದೆ. "ಬಂದ್ ಮಾಡೇನಿ ಅನ್ರಿ."

ಆಕೆ ಅನ್ನಲಿಲ್ಲ. ಕಿಂಡಿಯಿಂದ ಹಿಂದೆಯೂ ಸರಿಯಲಿಲ್ಲ. ಅವ್ವ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು, "ಇರಲಿ ಬಿಡು, ಬಂದಾಗ ಬರಲಿ, ನಾ ಇಲ್ಲೇ ಕುಂತಿರತೇನಿ" ಎಂದು ನೆಟ್ಟು ಬರುವುದನ್ನು ಕಾಯುತ್ತ ಕೂತಳು.